ಟೈಮ್ ಟ್ರಾವೆಲ್ ಸಿನಿಮಾಗಳನ್ನು ಕಾಮಿಕ್ಸ್‌ನವರು ಹೇಗೆಲ್ಲಾ ಅಣಕಿಸಿದ್ರು? ಯಾವ ಜೋಕು ಎಲ್ಲಿಂದ ಬಂತು? ಇಲ್ಲಿದೆ ಪೂರ್ತಿ ಮಾಹಿತಿ

2019ರ ಏಪ್ರಿಲ್ ಕೊನೆ. ನಾನು ಫಸ್ಟ್ ಪಿಯುಸಿ ಮುಗಿಸಿ ರಜೆಯಲ್ಲಿದ್ದೆ. ನಾಲ್ಕು ಜನ ಗೆಳೆಯರು ಸೇರಿ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗಿ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಿದ್ವಿ, ಅದೂ ಇಂಗ್ಲಿಷ್‌ನಲ್ಲೇ. ಮಧ್ಯದಲ್ಲಿ ಒಂದು ಸೀನ್ ಬರುತ್ತೆ. ಸೂಪರ್ ಹೀರೋಗಳು ಸುತ್ತ ಕೂತು, ಕಾಲದಲ್ಲಿ ಹಿಂದಕ್ಕೆ ಹೋಗೋದು ಹೇಗೆ ಅಂತ ಚರ್ಚೆ ಮಾಡ್ತಾರೆ. ಮಾತು ಮಾತಿಗೂ ಹಳೆಯ ಸಿನಿಮಾಗಳ ಹೆಸರು ಹೇಳ್ತಾ ಹೋಗ್ತಾರೆ. ಹಿಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ಯಾಕೆ ನಕ್ಕೆವು ಅಂತ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮೊನ್ನೆ ಮನೆಯಲ್ಲಿ ತಮ್ಮ ಮೊಬೈಲ್‌ನಲ್ಲಿ ‘ದ ಫ್ಲ್ಯಾಶ್’ ನೋಡ್ತಾ ಇದ್ದ. ಒಂದು ಕಡೆ ನಾನು ಜೋರಾಗಿ ನಕ್ಕೆ. "ಅಣ್ಣಾ, ಇದ್ರಲ್ಲಿ ನಗೋದೇನಿದೆ?" ಅಂದ. ಸಿನಿಮಾ ನಿಲ್ಲಿಸಿ ಹೇಳೋಕೆ ಕೂತೆ. ಮುಗಿಯುವಷ್ಟರಲ್ಲಿ ಅಮ್ಮ ಊಟಕ್ಕೆ ಮೂರು ಸಲ ಕರೆದಾಗಿತ್ತು. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇಂಥ ಜೋಕುಗಳು ಅರ್ಥವಾಗದೇ ಇರೋದು ಬುದ್ಧಿಯ ಪ್ರಶ್ನೆ ಅಲ್ಲ. ಆ ಸಿನಿಮಾ ನಮ್ಮ ಊರಿಗೆ ಬಂದಿತ್ತಾ ಇಲ್ವಾ ಅನ್ನೋದಷ್ಟೇ ಪ್ರಶ್ನೆ.

ಮೊದಲು ನಾಲ್ಕು ಬಗೆ ತಿಳ್ಕೊಳ್ಳಿ

ಕಾಮಿಕ್ಸ್‌ನಲ್ಲಿ ಸಿನಿಮಾದ ನೆನಪು ನಾಲ್ಕು ರೀತಿಯಲ್ಲಿ ಬರುತ್ತೆ. ಇವನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ಎಲ್ಲವೂ ‘ಕಾಪಿ’ ಅಂತಲೇ ಕಾಣುತ್ತೆ.

1. ಅಳವಡಿಕೆ: ಸಿನಿಮಾ ಕಂಪನಿಯಿಂದ ಹಕ್ಕು ಪಡೆದು ಅದೇ ಕಥೆಯನ್ನೋ ಅದರ ಮುಂದುವರಿಕೆಯನ್ನೋ ಕಾಮಿಕ್ಸ್ ಮಾಡೋದು.
2. ಅಣಕು: ಹೆಸರುಗಳನ್ನು ತಿರುಚಿ ಇಡೀ ಸಿನಿಮಾದ ಕಾಲೆಳೆಯೋದು. ಇಂಗ್ಲಿಷ್‌ನವರು ಪ್ಯಾರಡಿ ಅನ್ನೋದು ಇದಕ್ಕೇ.
3. ಗುರುತು: ಕಥೆ ಬೇರೆ, ಆದರೆ ಒಂದು ಚೌಕದಲ್ಲಿ ಹಳೆಯ ಸಿನಿಮಾದ ಕಾರೋ, ಗಡಿಯಾರವೋ, ಮಾತೋ ಸುಮ್ಮನೆ ಬಂದು ಹೋಗೋದು.
4. ಜಂಟಿ ಕಥೆ: ಎರಡು ಬೇರೆ ಸಿನಿಮಾಗಳ ಪಾತ್ರಗಳು ಒಂದೇ ಪುಸ್ತಕದಲ್ಲಿ ಎದುರುಬದುರಾಗೋದು. ಇದು ಕ್ರಾಸ್‌ಓವರ್.

ಎಲ್ಲ ಜೋಕುಗಳ ತಾಯಿಬೇರು: ‘ಬ್ಯಾಕ್ ಟು ದ ಫ್ಯೂಚರ್’

1985ರ ಜುಲೈ 3ರಂದು ಅಮೆರಿಕದಲ್ಲಿ ಬಿಡುಗಡೆಯಾದ ಸಿನಿಮಾ. ನಿರ್ದೇಶಕ ರಾಬರ್ಟ್ ಝೆಮೆಕಿಸ್, ಅವರ ಜೊತೆ ಕಥೆ ಬರೆದವರು ಬಾಬ್ ಗೇಲ್. ಮಾರ್ಟಿ ಅನ್ನೋ ಹುಡುಗ ಡಾಕ್ ಬ್ರೌನ್ ಅನ್ನೋ ವಿಜ್ಞಾನಿ ಮಾಡಿದ ಕಾರಿನಲ್ಲಿ 1985ರಿಂದ 1955ಕ್ಕೆ ಹೋಗ್ತಾನೆ. ಅಲ್ಲಿ ತನ್ನ ಅಪ್ಪ–ಅಮ್ಮ ಒಂದಾಗೋಕೆ ಇವನೇ ಅಡ್ಡ ಬಂದುಬಿಡ್ತಾನೆ. ಅವರು ಮದುವೆ ಆಗದಿದ್ದರೆ ಇವನು ಹುಟ್ಟೋದೇ ಇಲ್ಲ. ಜೇಬಿನಲ್ಲಿರುವ ಫೋಟೋದಿಂದ ಮೊದಲು ಅಣ್ಣ, ಆಮೇಲೆ ಅಕ್ಕ ಒಬ್ಬೊಬ್ಬರಾಗಿ ಮಾಸಿ ಹೋಗ್ತಾರೆ.

ಕಾರಿನ ಹೆಸರು ಡೆಲೋರಿಯನ್. ಗಂಟೆಗೆ 88 ಮೈಲಿ, ಅಂದ್ರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಿದರೆ ಅದು ಕಾಲ ದಾಟುತ್ತೆ. ಬೇಕಾದ ವಿದ್ಯುತ್ 1.21 ಗಿಗಾವ್ಯಾಟ್. 1955ರಲ್ಲಿ ಅಷ್ಟು ವಿದ್ಯುತ್ ಸಿಗೋದು ಸಿಡಿಲಿನಿಂದ ಮಾತ್ರ. ಊರಿನ ಗಡಿಯಾರದ ಗೋಪುರಕ್ಕೆ ರಾತ್ರಿ 10 ಗಂಟೆ 4 ನಿಮಿಷಕ್ಕೆ ಸಿಡಿಲು ಹೊಡೆಯುತ್ತೆ ಅಂತ ಇವರಿಗೆ ಮೊದಲೇ ಗೊತ್ತಿರುತ್ತೆ. ಈ 88, 1.21, 10:04 ಅನ್ನೋ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. ಕಾರಿನ ನಂಬರ್ ಪ್ಲೇಟ್‌ನಲ್ಲೋ ಗೋಡೆ ಗಡಿಯಾರದಲ್ಲೋ ಇವು ಕಂಡರೆ ಬರೆದವನು ಇದೇ ಸಿನಿಮಾದ ಕಡೆ ಕಣ್ಣು ಹೊಡೀತಿದ್ದಾನೆ ಅಂತ ಅರ್ಥ.

ಮಜಾ ಏನಂದ್ರೆ, ಈ ಸಿನಿಮಾನೇ ಕಾಮಿಕ್ಸ್ ಮತ್ತು ಕಾರ್ಟೂನ್‌ನಿಂದ ಸಾಲ ತಂದಿದೆ. 1955ಕ್ಕೆ ಹೋದ ಕೂಡಲೇ ಕಾರು ಒಬ್ಬ ರೈತನ ಕೊಟ್ಟಿಗೆಗೆ ನುಗ್ಗುತ್ತೆ. ಮನೆಯವರು ಅದನ್ನು ಅನ್ಯಗ್ರಹದ ನೌಕೆ ಅಂದುಕೊಳ್ತಾರೆ. ಯಾಕಂದ್ರೆ ಆ ಮನೆಯ ಹುಡುಗನ ಕೈಯಲ್ಲಿರುವ ಕಾಮಿಕ್ಸ್‌ನ ರಕ್ಷಾಪುಟದಲ್ಲಿ ಅಂಥದ್ದೇ ಚಿತ್ರ ಇರುತ್ತೆ. ಆ ಕಾಮಿಕ್ಸ್ ಅಂಗಡಿಯಲ್ಲಿ ಮಾರಿದ್ದಲ್ಲ, ಐವತ್ತರ ದಶಕದ ಶೈಲಿಯಲ್ಲಿ ಸಿನಿಮಾಕ್ಕೇ ಅಂತ ಮಾಡಿಸಿದ್ದು. ಇನ್ನೂ ಕೇಳಿ: ಆ ರೈತನ ಹೆಸರು ಪೀಬಾಡಿ, ಮಗನ ಹೆಸರು ಶೆರ್ಮನ್. 1959ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಒಂದು ಕಾರ್ಟೂನ್‌ನಲ್ಲಿ ಪೀಬಾಡಿ ಅನ್ನೋ ಬುದ್ಧಿವಂತ ನಾಯಿ ಶೆರ್ಮನ್ ಅನ್ನೋ ಹುಡುಗನನ್ನು ಕರ್ಕೊಂಡು ಟೈಮ್ ಮಷೀನ್‌ನಲ್ಲಿ ಸುತ್ತುತ್ತಿತ್ತು. ಹೆಸರು ಅಲ್ಲಿಂದಲೇ ಬಂದಿದ್ದು.

‘ಮ್ಯಾಡ್’ ಪತ್ರಿಕೆಯ ಪಾಲು

ಅಣಕು ಅಂದ್ರೆ ಅಮೆರಿಕದಲ್ಲಿ ಮೊದಲು ಬರುವ ಹೆಸರು ‘ಮ್ಯಾಡ್’. 1952ರಲ್ಲಿ ಹಾರ್ವಿ ಕರ್ಟ್ಝ್‌ಮನ್ ಸಂಪಾದಕತ್ವದಲ್ಲಿ ಕಾಮಿಕ್ಸ್ ಪುಸ್ತಕವಾಗಿ ಶುರುವಾಯ್ತು, 1955ರಲ್ಲಿ ಮ್ಯಾಗಝೀನ್ ಆಯ್ತು. ಪ್ರಕಾಶಕರು ವಿಲಿಯಂ ಗೇನ್ಸ್.

ಇವರ ಸಿನಿಮಾ ಅಣಕಿಗೆ ಒಂದು ನಿಗದಿಯಾದ ಅಚ್ಚು ಇತ್ತು. ಮೊದಲು ಸಿನಿಮಾದ ಹೆಸರನ್ನೇ ಕೆಡಿಸೋದು. ‘ಬ್ಯಾಕ್ ಟು ದ ಫ್ಯೂಚರ್’ ಇವರ ಕೈಯಲ್ಲಿ ‘ಬ್ಲೀಕ್ ಫಾರ್ ದ ಫ್ಯೂಚರ್’ ಆಯ್ತು. ಭವಿಷ್ಯಕ್ಕೆ ವಾಪಸ್ ಹೋಗೋ ಕಥೆ ಭವಿಷ್ಯವೇ ಮಂಕು ಅನ್ನೋ ಕಥೆಯಾಗಿ ಬದಲಾಯ್ತು. ಎರಡನೆಯದು, ಮೊದಲ ಪುಟದಲ್ಲಿ ಎಲ್ಲ ಪಾತ್ರಗಳನ್ನೂ ಗುಂಪಾಗಿ ನಿಲ್ಲಿಸಿ, ಅವರ ಬಾಯಿಂದಲೇ ‘ನಾನು ಇಂಥವನು, ಕಥೆಯಲ್ಲಿ ನನ್ನ ಕೆಲಸ ಇಷ್ಟೇ’ ಅಂತ ಹೇಳಿಸೋದು. ಮೂರನೆಯದು, ಹಿನ್ನೆಲೆಯಲ್ಲಿ ಚಿಕ್ಕ ಚಿಕ್ಕ ಜೋಕು ತುಂಬೋದು. ಎರಡು ಸಲ ಓದಿದರೂ ಕೆಲವು ಕಣ್ಣಿಗೆ ಬೀಳಲ್ಲ. ನಟರ ಮುಖವನ್ನು ಫೋಟೋದಷ್ಟೇ ಹೋಲುವಂತೆ, ಆದರೆ ನಗು ಬರುವಂತೆ ಬರೆಯೋದರಲ್ಲಿ ‘ಮ್ಯಾಡ್’ನ ಮಾರ್ಟ್ ಡ್ರಕ್ಕರ್ ದೊಡ್ಡ ಹೆಸರು. ಅವರು 2020ರಲ್ಲಿ ತೀರಿಕೊಂಡರು.

ಟೈಮ್ ಟ್ರಾವೆಲ್ ಸಿನಿಮಾ ಅಣಕುಗಾರರಿಗೆ ಹಬ್ಬ ಇದ್ದ ಹಾಗೆ. ಕಾರಣ ಇದೆ. ಸಾಮಾನ್ಯ ಸಿನಿಮಾದಲ್ಲಿ ಲಾಜಿಕ್ ಇಲ್ಲ ಅಂದ್ರೆ ಪ್ರೇಕ್ಷಕ ಕ್ಷಮಿಸಿಬಿಡ್ತಾನೆ. ಇಲ್ಲಿ ಸಿನಿಮಾ ತಾನೇ ನಿಯಮ ಹೇಳುತ್ತೆ, ತಾನೇ ಮುರಿಯುತ್ತೆ. ಬೇಕಾದ ದಿನಕ್ಕೇ ಹೋಗುವ ಮಷೀನ್ ಇದ್ದಾಗ ‘ಟೈಮ್ ಇಲ್ಲ, ಬೇಗ ಬೇಗ’ ಅಂತ ಓಡೋದು ಯಾಕೆ? ಹತ್ತು ನಿಮಿಷ ಮುಂಚೆಯೇ ಹೋಗಬಹುದಲ್ವಾ? ನಮ್ಮ ತಮ್ಮ ಕೇಳುವ ಇಂಥ ಪ್ರಶ್ನೆಗಳೇ ಅಣಕು ಬರೆಯುವವರ ಬಂಡವಾಳ.

ಡೆಲೋರಿಯನ್ ಕಾಮಿಕ್ಸ್‌ಗೆ ಬಂದಾಗ

1991ರಲ್ಲಿ ಈ ಸಿನಿಮಾದ ಕಾರ್ಟೂನ್ ಸರಣಿ ಅಮೆರಿಕದ ಟಿವಿಯಲ್ಲಿ ಬಂತು. ಅದನ್ನೇ ಇಟ್ಟುಕೊಂಡು ಹಾರ್ವಿ ಕಾಮಿಕ್ಸ್ 1991–92ರಲ್ಲಿ ಕಾಮಿಕ್ಸ್ ತಂತು. ಆಮೇಲೆ ಬಹಳ ವರ್ಷ ತಣ್ಣಗಾಗಿತ್ತು.

ಎರಡನೇ ಭಾಗದಲ್ಲಿ ಮಾರ್ಟಿ ಮುಂದಕ್ಕೆ ಹೋಗೋದು 2015ರ ಅಕ್ಟೋಬರ್ 21ಕ್ಕೆ. ನಿಜವಾದ 2015ರ ಅಕ್ಟೋಬರ್ ಬಂದಾಗ ಐಡಿಡಬ್ಲ್ಯೂ ಅನ್ನೋ ಪ್ರಕಾಶನ ಹೊಸ ಕಾಮಿಕ್ಸ್ ಸರಣಿ ಶುರು ಮಾಡ್ತು. ವಿಶೇಷ ಏನಂದ್ರೆ ಮೂಲ ಕಥೆಗಾರ ಬಾಬ್ ಗೇಲ್ ಅವರೇ ಬರವಣಿಗೆಯಲ್ಲಿ ಕೂತರು. ಹೈಸ್ಕೂಲ್ ಹುಡುಗನಿಗೂ ವಯಸ್ಸಾದ ವಿಜ್ಞಾನಿಗೂ ಗೆಳೆತನ ಆಗಿದ್ದಾದರೂ ಹೇಗೆ ಅಂತ ಸಿನಿಮಾದಲ್ಲಿ ಎಲ್ಲೂ ಹೇಳಿಲ್ಲ. ಅದಕ್ಕೆ ಉತ್ತರ ಮೊದಲ ಸಂಚಿಕೆಯಲ್ಲೇ ಸಿಕ್ತು. ಹಳೆಯ ಅಭಿಮಾನಿಗಳಿಗೆ ಇದು ಬರೀ ಜೋಕಲ್ಲ, 30 ವರ್ಷ ಕಾದ ಉತ್ತರ.

2020ರಲ್ಲಿ ಅದೇ ಪ್ರಕಾಶನ ‘ಟ್ರಾನ್ಸ್‌ಫಾರ್ಮರ್ಸ್’ ಜೊತೆ ಜಂಟಿ ಕಥೆ ಮಾಡ್ತು. ಇಲ್ಲಿ ಡೆಲೋರಿಯನ್ ಬರೀ ಕಾರಲ್ಲ, ಎದ್ದು ನಿಲ್ಲುವ ರೋಬೋ. ಹೆಸರು ಗಿಗಾವ್ಯಾಟ್. 1.21 ಗೊತ್ತಿದ್ದವರಿಗೆ ಹೆಸರು ಕೇಳಿದ ಕೂಡಲೇ ನಗು.

‘ಟರ್ಮಿನೇಟರ್’ ಮತ್ತು ಅದರ ಜಗಳಗಳು

1984ರಲ್ಲಿ ಜೇಮ್ಸ್ ಕ್ಯಾಮರಾನ್ ಮಾಡಿದ ಸಿನಿಮಾ. 2029ರಲ್ಲಿ ಯಂತ್ರಗಳು ಮನುಷ್ಯರ ಮೇಲೆ ಯುದ್ಧ ಮಾಡ್ತಿರುತ್ತವೆ. ಮನುಷ್ಯರ ನಾಯಕ ಹುಟ್ಟದಂತೆ ಮಾಡೋಕೆ, ಅವನ ತಾಯಿಯನ್ನೇ ಕೊಲ್ಲಲು ಒಂದು ಯಂತ್ರವನ್ನು 1984ಕ್ಕೆ ಕಳಿಸ್ತವೆ. ಎರಡನೇ ಭಾಗ 1991ರಲ್ಲಿ ಬಂತು. ಅದಕ್ಕೂ ‘ಮ್ಯಾಡ್’ ಅಣಕು ಬಂತು. ಟರ್ಮಿನೇಟರ್ ಅನ್ನೋ ಪದವನ್ನೇ ‘ಇಂಟರ್ಮಿನಬಲ್’ ಅಂತ ತಿರುಚಿದ್ರು. ಅಂದ್ರೆ ಎಷ್ಟು ಹೊತ್ತಾದರೂ ಮುಗಿಯದ್ದು!

ಜಂಟಿ ಕಥೆಗಳಲ್ಲಿ ಹೆಸರು ಮಾಡಿದ್ದು 1992ರಲ್ಲಿ ಡಾರ್ಕ್ ಹಾರ್ಸ್ ತಂದ ‘ರೋಬೋಕಾಪ್ ವರ್ಸಸ್ ದ ಟರ್ಮಿನೇಟರ್’. ಬರೆದವರು ಫ್ರ್ಯಾಂಕ್ ಮಿಲ್ಲರ್, ಚಿತ್ರ ವಾಲ್ಟರ್ ಸೈಮನ್‌ಸನ್. ರೋಬೋಕಾಪ್ ಅರ್ಧ ಮನುಷ್ಯ, ಅರ್ಧ ಯಂತ್ರ. ಯಂತ್ರಗಳಿಗೆ ಪ್ರಜ್ಞೆ ಬರೋಕೆ ಇವನ ಮೆದುಳೇ ಕಾರಣ ಆಗುತ್ತೆ ಅನ್ನೋದು ಕಥೆಯ ಎಳೆ. ಹಾಗಾಗಿ ಭವಿಷ್ಯದಿಂದ ಬಂದ ಮನುಷ್ಯರ ಕಡೆಯ ಹೆಣ್ಣುಮಗಳು ಈ ಒಳ್ಳೆಯ ಪೊಲೀಸನನ್ನೇ ಕೊಲ್ಲೋಕೆ ಹುಡುಕ್ತಾಳೆ. ಇಲ್ಲಿ ನಗು ಕಮ್ಮಿ, ಯೋಚನೆ ಜಾಸ್ತಿ. 1999ರಲ್ಲಿ ಸೂಪರ್‌ಮ್ಯಾನ್ ಜೊತೆಗೂ ಟರ್ಮಿನೇಟರ್ ಜಗಳ ಆಯ್ತು. ಅದು ಡಿಸಿ ಮತ್ತು ಡಾರ್ಕ್ ಹಾರ್ಸ್ ಸೇರಿ ತಂದ 4 ಸಂಚಿಕೆಗಳ ಕಥೆ.

ಮುರಿದು ಬಿದ್ದ ಪ್ರತಿಮೆ: ‘ಪ್ಲಾನೆಟ್ ಆಫ್ ದ ಏಪ್ಸ್’

1968ರ ಸಿನಿಮಾ. ಗಗನಯಾತ್ರಿಗಳು ವಾನರರು ಆಳುವ ಗ್ರಹಕ್ಕೆ ಇಳಿತಾರೆ. ಕೊನೆಯಲ್ಲಿ ಮರಳಿನಲ್ಲಿ ಅರ್ಧ ಹೂತ ಲಿಬರ್ಟಿ ಪ್ರತಿಮೆ ಕಾಣುತ್ತೆ. ಆಗಲೇ ಗೊತ್ತಾಗೋದು, ಅದು ಬೇರೆ ಗ್ರಹ ಅಲ್ಲ, ಭವಿಷ್ಯದ ನಮ್ಮ ಭೂಮಿಯೇ ಅಂತ.

ಡಿಸಿ ಕಾಮಿಕ್ಸ್‌ಗೆ ಈ ಸಿನಿಮಾದ ಹಕ್ಕು ಬೇಕಿತ್ತು, ಸಿಗಲಿಲ್ಲ. ಅಂಥದ್ದೇ ಇನ್ನೊಂದು ಮಾಡಿ ಅಂತ ಜ್ಯಾಕ್ ಕರ್ಬಿ ಅವರಿಗೆ ಹೇಳಿದ್ರು. 1972ರಲ್ಲಿ ‘ಕಮಾಂಡಿ’ ಬಂತು. ಮೊದಲ ಸಂಚಿಕೆಯ ರಕ್ಷಾಪುಟದಲ್ಲೇ ನೀರಲ್ಲಿ ವಾಲಿದ ಲಿಬರ್ಟಿ ಪ್ರತಿಮೆ, ಪಕ್ಕದಲ್ಲಿ ತೆಪ್ಪದ ಮೇಲೆ ಹುಡುಗ. ಹಕ್ಕು ಸಿಗದಿದ್ದರೂ ಕರ್ಬಿ ಸಿನಿಮಾವನ್ನು ಹಾಗೇ ಇಳಿಸಲಿಲ್ಲ. ವಾನರರು ಮಾತ್ರವಲ್ಲ, ಹುಲಿ, ನಾಯಿ, ಇಲಿ ಎಲ್ಲವೂ ಮಾತಾಡುವ ದೊಡ್ಡ ಲೋಕ ಕಟ್ಟಿದರು. ಗುರುತಿನಿಂದ ಶುರುವಾಗಿ ಸ್ವಂತ ಕಥೆಯಾಗಿ ಬೆಳೆದದ್ದಕ್ಕೆ ಇದು ಒಳ್ಳೆಯ ಉದಾಹರಣೆ.

ಟೆಲಿಫೋನ್ ಬೂತ್‌ನ ಇಬ್ಬರು ಪೆದ್ದರು

1989ರ ‘ಬಿಲ್ ಅಂಡ್ ಟೆಡ್ಸ್ ಎಕ್ಸಲೆಂಟ್ ಅಡ್ವೆಂಚರ್’ ಸ್ವತಃ ಕಾಮಿಡಿ. ಇತಿಹಾಸದಲ್ಲಿ ಫೇಲಾಗುವ ಹಂತದಲ್ಲಿರುವ ಇಬ್ಬರು ಹುಡುಗರು ಟೆಲಿಫೋನ್ ಬೂತ್‌ನಲ್ಲಿ ಕಾಲ ಸುತ್ತಿ, ನೆಪೋಲಿಯನ್, ಸಾಕ್ರಟಿಸ್ ಮುಂತಾದವರನ್ನು ಎತ್ತಾಕೊಂಡು ಬರ್ತಾರೆ. ಇದರ ಕಾಮಿಕ್ಸನ್ನು 1991–92ರಲ್ಲಿ ಮಾರ್ವೆಲ್‌ಗಾಗಿ ಇವಾನ್ ಡಾರ್ಕಿನ್ ಮಾಡಿದ್ರು. ಒಟ್ಟು 12 ಸಂಚಿಕೆ. ಸಿನಿಮಾ ಕಾಮಿಕ್ಸ್ ಅಂದ್ರೆ ಕಾಟಾಚಾರದ ಕೆಲಸ ಅಂತ ಇದ್ದ ಮಾತಿಗೆ ಇದು ಅಪವಾದ. ಪುಟದ ತುಂಬಾ ಡಾರ್ಕಿನ್ ಅವರದ್ದೇ ಗಲಾಟೆ. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಈ ಇಬ್ಬರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಅಂತ ಒಪ್ಪಿಕೊಳ್ತೀನಿ.

ಉಲ್ಟಾ ಸಾಲ: ಕಾಮಿಕ್ಸ್‌ನಿಂದ ಸಿನಿಮಾಕ್ಕೆ

ಎಲ್ಲವನ್ನೂ ಸಿನಿಮಾದಿಂದಲೇ ಕದ್ದಿದ್ದಾರೆ ಅಂದುಕೊಳ್ಳಬೇಡಿ. 1961ರಲ್ಲೇ ಫ್ಲ್ಯಾಶ್ ಓಡಿ ಓಡಿ ಕಾಲ ದಾಟುವ ‘ಕಾಸ್ಮಿಕ್ ಟ್ರೆಡ್‌ಮಿಲ್’ ಕಾಮಿಕ್ಸ್‌ಗೆ ಬಂದಿತ್ತು. 1962ರಲ್ಲಿ ಡಾಕ್ಟರ್ ಡೂಮ್ ‘ಫೆಂಟಾಸ್ಟಿಕ್ ಫೋರ್’ನವರನ್ನು ಕಡಲ್ಗಳ್ಳರ ಕಾಲಕ್ಕೆ ಕಳಿಸಿದ್ದ.

ದೊಡ್ಡ ಉದಾಹರಣೆ 1981ರ ‘ಎಕ್ಸ್-ಮೆನ್’ ಕಥೆ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’. ಕ್ರಿಸ್ ಕ್ಲೇರ್ಮಾಂಟ್ ಮತ್ತು ಜಾನ್ ಬರ್ನ್ ಮಾಡಿದ್ದು, ಎರಡೇ ಸಂಚಿಕೆ. ಯಂತ್ರಗಳು ಆಳುವ ಕೆಟ್ಟ ಭವಿಷ್ಯದಿಂದ ಕಿಟ್ಟಿ ಪ್ರೈಡ್ ಅನ್ನೋಳ ಮನಸ್ಸು ಹಿಂದಿನ ಕಾಲದ ಅವಳದ್ದೇ ದೇಹಕ್ಕೆ ಬರುತ್ತೆ, ಒಂದು ಕೊಲೆ ತಪ್ಪಿಸೋಕೆ. ಗಮನಿಸಿ: ಇದು ‘ಟರ್ಮಿನೇಟರ್’ಗಿಂತ 3 ವರ್ಷ ಮೊದಲು. ಹಾಗಂತ ಸಿನಿಮಾದವರು ಕದ್ದರು ಅಂತ ಹೇಳೋಕಾಗಲ್ಲ. ಜಾನ್ ಬರ್ನ್ ಅವರಿಗೇ ಆಮೇಲೆ ಹೊಳೆದಿದ್ದು, ತಮ್ಮ ಕಥೆ ತಾವು ಹಿಂದೆ ನೋಡಿದ್ದ ಬ್ರಿಟನ್‌ನ ‘ಡಾಕ್ಟರ್ ಹೂ’ ಟಿವಿ ಸರಣಿಯ ಒಂದು ಕಥೆಯನ್ನು ಹೋಲುತ್ತೆ ಅಂತ. ‘ಟರ್ಮಿನೇಟರ್’ ವಿಷಯದಲ್ಲಿ ಲೇಖಕ ಹಾರ್ಲನ್ ಎಲಿಸನ್ ತಮ್ಮ ಹಳೆಯ ಟಿವಿ ಕಥೆಗಳ ಹೋಲಿಕೆ ಇದೆ ಅಂತ ಪಟ್ಟು ಹಿಡಿದ್ರು. ರಾಜಿಯಾಗಿ ಸಿನಿಮಾದಲ್ಲಿ ಅವರ ಕೃತಿಗಳಿಗೆ ಕೃತಜ್ಞತೆ ಸೇರಿಸಿದ್ರು. ಕ್ಯಾಮರಾನ್ ಅವರಿಗೆ ಇದು ಇಷ್ಟವಿರಲಿಲ್ಲ.

2014ರಲ್ಲಿ ಎಕ್ಸ್-ಮೆನ್ ಕಥೆ ಸಿನಿಮಾ ಆಯ್ತು. ಆದರೆ ಕಾಲದಲ್ಲಿ ಹಿಂದಕ್ಕೆ ಹೋಗೋ ಕೆಲಸ ಕಿಟ್ಟಿ ಕೈ ತಪ್ಪಿ, ಹೆಚ್ಚು ಹೆಸರಿದ್ದ ವುಲ್ವರಿನ್ ಪಾಲಾಯ್ತು. ಕಾಮಿಕ್ಸ್ ಓದಿದವರಿಗೆ ಈ ಬೇಸರ ಇವತ್ತಿಗೂ ಇದೆ.

ಈಗ ‘ಎಂಡ್‌ಗೇಮ್’ ಮತ್ತು ‘ಫ್ಲ್ಯಾಶ್’ ಜೋಕಿಗೆ ಬರೋಣ

‘ಎಂಡ್‌ಗೇಮ್’ನಲ್ಲಿ ರೋಡ್ಸ್ ಮತ್ತು ಸ್ಕಾಟ್ ಲ್ಯಾಂಗ್ ಟೈಮ್ ಟ್ರಾವೆಲ್ ಸಿನಿಮಾಗಳ ಪಟ್ಟಿ ಹೇಳ್ತಾರೆ: ಟರ್ಮಿನೇಟರ್, ಟೈಮ್‌ಕಾಪ್, ಬಿಲ್ ಅಂಡ್ ಟೆಡ್, ಹೀಗೆ. ಅವರ ನಂಬಿಕೆ ಏನು? ಹಿಂದೆ ಹೋಗಿ ಏನಾದ್ರೂ ಬದಲಾಯಿಸಿದರೆ ಇವತ್ತೂ ಬದಲಾಗುತ್ತೆ ಅಂತ. ಅದು ಮಾರ್ಟಿಯ ಮಾಸುವ ಫೋಟೋದ ನಿಯಮ. ಹಲ್ಕ್ ಹೇಳೋದು ಬೇರೆ: ನೀನು ಹಿಂದಕ್ಕೆ ಹೋದರೆ ಆ ಹಿಂದಿನ ಕಾಲವೇ ನಿನ್ನ ಭವಿಷ್ಯ, ನೀನು ಬಿಟ್ಟು ಬಂದದ್ದು ನಿನ್ನ ಭೂತಕಾಲ, ಅದನ್ನು ಅಳಿಸೋಕಾಗಲ್ಲ. ಆಗ ಸ್ಕಾಟ್ ಮುಖ ಸಪ್ಪೆಯಾಗುತ್ತೆ. ಇಷ್ಟು ದಿನ ನಂಬಿದ್ದ ‘ಬ್ಯಾಕ್ ಟು ದ ಫ್ಯೂಚರ್’ ಸುಳ್ಳಾ ಅಂತ. ಹಿಂದಿನ ಸಾಲಿನವರು ನಕ್ಕಿದ್ದು ಅದಕ್ಕೇ. ನನಗೆ ಅದು ಹೊಳೆದಿದ್ದು ಎರಡು ವರ್ಷದ ಮೇಲೆ.

‘ಫ್ಲ್ಯಾಶ್’ 2023ರದ್ದು. 2011ರ ‘ಫ್ಲ್ಯಾಶ್‌ಪಾಯಿಂಟ್’ ಕಾಮಿಕ್ಸ್ ಇದಕ್ಕೆ ಮೂಲ. ಬ್ಯಾರಿ ಸತ್ತ ತಾಯಿಯನ್ನು ಉಳಿಸೋಕೆ ಹಿಂದಕ್ಕೆ ಹೋಗ್ತಾನೆ, ಲೋಕವೇ ಬದಲಾಗುತ್ತೆ. ಎಷ್ಟು ಬದಲಾಗಿದೆ ಅಂತ ಅವನಿಗೆ ಗೊತ್ತಾಗೋದು ಒಂದು ಸಿನಿಮಾದಿಂದ. ಆ ಲೋಕದಲ್ಲಿ ‘ಬ್ಯಾಕ್ ಟು ದ ಫ್ಯೂಚರ್’ ಹೀರೋ ಎರಿಕ್ ಸ್ಟೋಲ್ಟ್ಸ್! ನಿಜವಾಗಿ ನಡೆದದ್ದು ಏನು ಗೊತ್ತಾ? ಸಿನಿಮಾದ ಶೂಟಿಂಗ್ ಸ್ಟೋಲ್ಟ್ಸ್ ಜೊತೆಗೇ ಶುರುವಾಗಿತ್ತು. ಕೆಲವು ವಾರ ಆದ ಮೇಲೆ, 1985ರ ಜನವರಿಯಲ್ಲಿ ಅವರನ್ನು ಬಿಟ್ಟು ಮೈಕೆಲ್ ಜೆ. ಫಾಕ್ಸ್ ಅವರನ್ನು ತಂದ್ರು. ಫಾಕ್ಸ್ ಹಗಲು ಟಿವಿ ಧಾರಾವಾಹಿ, ರಾತ್ರಿ ಈ ಸಿನಿಮಾ ಅಂತ ದುಡಿದ್ರು. ತಮ್ಮನಿಗೆ ಇಷ್ಟು ಹೇಳಿ ಮುಗಿಸಿದಾಗ ಅವನು ನಗಲಿಲ್ಲ. "ಪಾಪ ಆ ಮೊದಲ್ನೇ ಹೀರೋ" ಅಂದ. ಅದೂ ಸರಿಯೇ.

ಗುರುತು ಹಿಡಿಯೋದು ಹೇಗೆ? ಸೇವ್ ಮಾಡಿಟ್ಕೊಳ್ಳಿ

- ಮೇಲಕ್ಕೆ ತೆರೆಯುವ ಬಾಗಿಲಿನ ಬೆಳ್ಳಿ ಬಣ್ಣದ ಕಾರು, ರಸ್ತೆಯಲ್ಲಿ ಬೆಂಕಿಯ ಎರಡು ಗೆರೆ: ‘ಬ್ಯಾಕ್ ಟು ದ ಫ್ಯೂಚರ್’
- ಮಿಂಚಿನ ಗೋಳದೊಳಗೆ ಮಂಡಿಯೂರಿದ ಬೆತ್ತಲೆ ಮನುಷ್ಯ: ‘ಟರ್ಮಿನೇಟರ್’
- ಹೂತ ಅಥವಾ ಮುರಿದ ಲಿಬರ್ಟಿ ಪ್ರತಿಮೆ: ‘ಪ್ಲಾನೆಟ್ ಆಫ್ ದ ಏಪ್ಸ್’
- ಗಾಜಿನ ಟೆಲಿಫೋನ್ ಬೂತ್: ‘ಬಿಲ್ ಅಂಡ್ ಟೆಡ್’. ನೀಲಿ ಪೊಲೀಸ್ ಪೆಟ್ಟಿಗೆ ಆದರೆ ‘ಡಾಕ್ಟರ್ ಹೂ’. ಇವೆರಡನ್ನು ಬಹಳ ಜನ ಗೊಂದಲ ಮಾಡ್ಕೊಳ್ತಾರೆ.
- ಕುರ್ಚಿ, ಅದರ ಹಿಂದೆ ತಿರುಗುವ ದೊಡ್ಡ ತಟ್ಟೆ: 1960ರ ‘ದ ಟೈಮ್ ಮಷೀನ್’, ಎಚ್.ಜಿ. ವೆಲ್ಸ್ ಕಾದಂಬರಿಯ ಸಿನಿಮಾ

ಅಣಕು ಮಾಡಿದ್ರೆ ಕೇಸ್ ಬೀಳುತ್ತಾ?

ಚಿತ್ರ ಬರೆಯುವ ಹುಡುಗರು ಕೇಳುವ ಪ್ರಶ್ನೆ ಇದು. ‘ಮ್ಯಾಡ್’ ಮೇಲೂ ಕೇಸ್ ಬಿದ್ದಿತ್ತು, ಹಾಡುಗಳನ್ನು ಅಣಕಿಸಿದ್ದಕ್ಕೆ. 1964ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ‘ಮ್ಯಾಡ್’ ಪರವಾಗಿ ತೀರ್ಪು ಕೊಟ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿಮರ್ಶೆ, ಟೀಕೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಇದೆ. ಆದರೆ ಅಲ್ಲಿ ‘ಅಣಕು’ ಅನ್ನೋ ಪದ ಪ್ರತ್ಯೇಕವಾಗಿ ಇಲ್ಲ. 1996ರಲ್ಲಿ ಕೇರಳ ಹೈಕೋರ್ಟ್ ಒಂದು ಹೆಸರಾಂತ ಮಲಯಾಳಂ ನಾಟಕಕ್ಕೆ ಪ್ರತಿಯಾಗಿ ಬರೆದ ನಾಟಕದ ಪ್ರಕರಣದಲ್ಲಿ, ಎಷ್ಟು ತಗೊಂಡಿದ್ದಾರೆ, ಯಾಕೆ ತಗೊಂಡಿದ್ದಾರೆ, ಮೂಲಕ್ಕೆ ಪೈಪೋಟಿ ಆಗುತ್ತಾ ಅಂತ ನೋಡ್ತು. ನೀವೂ ಬರೆಯುವಾಗ ಈ ಮೂರು ಪ್ರಶ್ನೆ ಕೇಳ್ಕೊಳ್ಳಿ. ಟೀಕೆ ಮಾಡೋಕೆ ಬೇಕಾದಷ್ಟು ಮಾತ್ರ ತಗೊಂಡು ಉಳಿದದ್ದು ನಿಮ್ಮದೇ ಇರಲಿ. ಇಡೀ ಪುಟ ಎತ್ತಿ ಹೆಸರು ಬದಲಾಯಿಸಿದರೆ ಅದು ಅಣಕು ಅಲ್ಲ.

ನಮ್ಮ ಕಡೆಯ ಕೊಂಡಿ

ಟೈಮ್ ಮಷೀನ್ ಹತ್ತಿ ವಿಜಯನಗರಕ್ಕೆ ಬಂದವರೂ ಇದ್ದಾರೆ! 1991ರ ತೆಲುಗು ಸಿನಿಮಾ ‘ಆದಿತ್ಯ 369’ರಲ್ಲಿ ಮಷೀನ್ ಹೋಗಿ ನಿಲ್ಲೋದು ಕೃಷ್ಣದೇವರಾಯರ ಕಾಲದಲ್ಲಿ. ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್, ಕನ್ನಡಿಗರಿಗೆ ‘ಹಾಲು ಜೇನು’, ‘ಪುಷ್ಪಕ ವಿಮಾನ’ದಿಂದ ಚಿರಪರಿಚಿತರು. ಇದಕ್ಕೂ ಪ್ರೇರಣೆ ವೆಲ್ಸ್ ಅವರ ಅದೇ ‘ಟೈಮ್ ಮಷೀನ್’ ಕಾದಂಬರಿ. ಡೆಲೋರಿಯನ್ ಹಂಪಿಯ ಬಜಾರಿನಲ್ಲಿ ನಿಂತರೆ ಹೇಗಿರುತ್ತೆ ಅಂತ ಯಾರಾದ್ರೂ ಚಿತ್ರ ಬರೆಯೋದಾದ್ರೆ ಮೊದಲ ಓದುಗ ನಾನೇ.

ಎಲ್ಲಿಂದ ಶುರು ಮಾಡೋದು?

ಮೊದಲು ‘ಬ್ಯಾಕ್ ಟು ದ ಫ್ಯೂಚರ್’ ಮೊದಲ ಭಾಗ, ಆಮೇಲೆ ‘ಟರ್ಮಿನೇಟರ್’ ಎರಡು ಭಾಗ, ಆಮೇಲೆ ಹಳೆಯ ‘ಪ್ಲಾನೆಟ್ ಆಫ್ ದ ಏಪ್ಸ್’, ಕೊನೆಗೆ ‘ಬಿಲ್ ಅಂಡ್ ಟೆಡ್’. ಒಟ್ಟು 5 ಸಿನಿಮಾ, ಎರಡು ಭಾನುವಾರ ಸಾಕು. ಅದಾದ ಮೇಲೆ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಓದಿ, ‘ಎಂಡ್‌ಗೇಮ್’ ಇನ್ನೊಂದು ಸಲ ನೋಡಿ.

ನನ್ನ ತಮ್ಮ ಈಗ ಎರಡನೇ ಸಿನಿಮಾದಲ್ಲಿದ್ದಾನೆ. ಮುಂದಿನ ಸಲ ಥಿಯೇಟರ್‌ನಲ್ಲಿ ಹಿಂದಿನ ಸಾಲು ನಕ್ಕಾಗ ಅವನು ಸುಮ್ಮನೆ ಜೊತೆಗೆ ನಗಬೇಕಾಗಿಲ್ಲ. ಯಾಕೆ ನಗಬೇಕು ಅಂತ ಅವನಿಗೆ ಗೊತ್ತಿರುತ್ತೆ.